ಎರಿಕ್ ಕಾರ್ಲ್ ಅವರ ಕಂಬಳಿಹುಳು, ನಿನ್ನ ರೇಷ್ಮೆಹುಳು

ಚಿ. ಮೇಘನಾಳಿಗೆ,
ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಚಿತ್ರದ ಪುಟಗಳೂ ಪತ್ರವೂ ತಲುಪಿದವು. ಶಿಡ್ಲಘಟ್ಟದ ನಿನ್ನ ಶಾಲೆಯ ಮಕ್ಕಳಿಗಾಗಿ ರೇಷ್ಮೆಹುಳುವಿನ ಪುಸ್ತಕ ಮಾಡಲು ಹೊರಟಿರುವುದು ನನಗೆ ಬಹಳ ಹಿಡಿಸಿತು. ಅಮೆರಿಕದ ಮಕ್ಕಳ ಪುಸ್ತಕಗಳ ಚಿತ್ರಕಾರ, ಲೇಖಕ ಎರಿಕ್ ಕಾರ್ಲ್ ಅವರನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದ್ದೀಯ ಎನ್ನುವುದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಗುರುವನ್ನು ಸರಿಯಾಗಿಯೇ ಆರಿಸಿಕೊಂಡಿದ್ದೀಯ. ಆದರೆ ಅವರಿಂದ ಬಣ್ಣದ ಕಾಗದ ಕತ್ತರಿಸಿ ಅಂಟಿಸುವ ರೀತಿಯನ್ನು ಮಾತ್ರ ತೆಗೆದುಕೊಂಡು, ಪುಸ್ತಕ ಕಟ್ಟುವ ವಿದ್ಯೆಯನ್ನು ಅಲ್ಲೇ ಬಿಟ್ಟು ಬಂದಿದ್ದೀಯ. ಬಣ್ಣ ಆಮೇಲೆ ಹಾಕಿದರೂ ನಡೆಯುತ್ತದೆ, ಕಟ್ಟಡ ಮೊದಲೇ ನಿಲ್ಲಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬಿಡುವು ಮಾಡಿಕೊಂಡು ಓದು.

'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' (ಬಲು ಹಸಿದ ಕಂಬಳಿಹುಳು) ಎಂಬ ಅವರ ಪುಸ್ತಕ ಬಂದದ್ದು 1969ರಲ್ಲಿ. ಇಂಗ್ಲಿಷಿನಲ್ಲಿ ಒಟ್ಟು 224 ಪದ. ಅರವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ, ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಬಣ್ಣವೊಂದೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಅಷ್ಟೇ ಬಣ್ಣಬಣ್ಣದ ಎಷ್ಟೋ ಮಕ್ಕಳ ಪುಸ್ತಕಗಳು ಬಂದವು, ಹೋದವು. ಆ ಪುಸ್ತಕ ಹುಟ್ಟಿದ್ದೇ ತೂತಿನಿಂದ. ಕಾಗದದ ಕಟ್ಟಿಗೆ ಪಂಚಿಂಗ್ ಯಂತ್ರದಿಂದ ತೂತು ಹೊಡೆಯುತ್ತಿದ್ದಾಗ, ಪುಸ್ತಕ ಕೊರೆಯುವ ಹುಳುವೊಂದರ ಕಲ್ಪನೆ ಅವರಿಗೆ ಬಂತು. ಮೊದಲ ಕರಡಿನಲ್ಲಿ ವಿಲ್ಲಿ ಎಂಬ ಹುಳುವಿತ್ತು. ಸಂಪಾದಕಿ ಆ್ಯನ್ ಬೆನೆಡ್ಯೂಸ್‌ಗೆ ಆ ಹುಳು ಒಪ್ಪಿಗೆಯಾಗಲಿಲ್ಲ, ಕಂಬಳಿಹುಳು ಮಾಡಿದರೆ ಹೇಗೆ ಎಂದರು. ಕಾರ್ಲ್‌ಗೆ ತಕ್ಷಣ ಚಿಟ್ಟೆ ಹೊಳೆಯಿತು, ಕಥೆಗೆ ಕೊನೆ ಸಿಕ್ಕಿತು. ತೂತು, ಅಗಲ ಬದಲಾಗುವ ಪುಟ, ಇವನ್ನೆಲ್ಲ ಕೈಗೆಟಕುವ ಬೆಲೆಗೆ ಮಾಡಿಕೊಡುವ ಮುದ್ರಕರು ಆಗ ಅಮೆರಿಕದಲ್ಲಿ ಸಿಗದೆ ಜಪಾನಿನಲ್ಲಿ ಅಚ್ಚು ಹಾಕಿಸಬೇಕಾಯಿತು. ಎಂದರೆ ಕಥೆ, ಚಿತ್ರ, ಕಾಗದ ಕತ್ತರಿಸುವ ಬಗೆ ಮೂರೂ ಒಟ್ಟಿಗೆ ಬೆಳೆದವು. ನೀನು ಕಥೆ ಬರೆದು ಮುಗಿಸಿ, ಚಿತ್ರ ಅಂಟಿಸಿ, ಕೊನೆಗೆ ಎಲ್ಲಿ ತೂತು ಹಾಕಲಿ ಎಂದು ಕೇಳುತ್ತಿದ್ದೀಯ.

ಆ ಕಂಬಳಿಹುಳು ದಿನಕ್ಕೊಂದು ಬಗೆಯ ಹಣ್ಣು ಕೊರೆದು ತಿನ್ನುವ, ಸೋಮವಾರದಿಂದ ಶುಕ್ರವಾರದವರೆಗಿನ ಪುಟಗಳನ್ನು ಇನ್ನೊಮ್ಮೆ ತೆಗೆದು ನೋಡು. ಒಂದು ಸೇಬಿನ ಪುಟ ಎಲ್ಲಕ್ಕಿಂತ ಕಿರಿದು. ಎರಡು ಪೇರು, ಮೂರು ಪ್ಲಮ್, ನಾಲ್ಕು ಸ್ಟ್ರಾಬೆರಿ, ಐದು ಕಿತ್ತಳೆ ಎಂದು ಪುಟ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತದೆ. ಎಣಿಕೆ ಬಾರದ ಮಗುವಿಗೂ ಬೆರಳಿನಲ್ಲಿ ಎಣಿಕೆ ಸಿಗುತ್ತದೆ, ಮುಂದೇನಿದೆ ಎಂಬುದು ಅಂಚಿನಿಂದಲೇ ಇಣುಕುತ್ತದೆ. ತಿಂದರೂ ಹಸಿವು ತೀರಲಿಲ್ಲ ಎಂಬ ಸಾಲು ದಿನವೂ ಮರಳಿ ಬರುವುದರಿಂದ ಬುಧವಾರದ ಹೊತ್ತಿಗೆ ಮಗುವೇ ಅದನ್ನು ಹೇಳಲು ಶುರುಮಾಡುತ್ತದೆ. ಐದು ದಿನ ಹೀಗೆ ಕ್ರಮ ಊರಿದ ಮೇಲೆ ಶನಿವಾರ ಆ ಕ್ರಮ ಒಡೆಯುತ್ತದೆ. ಚಾಕೊಲೇಟ್ ಕೇಕಿನಿಂದ ಕಲ್ಲಂಗಡಿ ಹೋಳಿನವರೆಗೆ ಹತ್ತು ತಿನಿಸು ಸಾಲಾಗಿ, ಒಂದೊಂದರಲ್ಲೂ ತೂತು. ಆ ರಾತ್ರಿ ಹೊಟ್ಟೆನೋವು. ಮಾರನೆಯ ದಿನ ಒಂದೇ ಒಂದು ಹಸಿರೆಲೆ, ಹೊಟ್ಟೆ ಸರಿಹೋಯಿತು. ಕ್ರಮ ಮುರಿಯುವುದು ಒಂದೇ ಸಲ, ಅದಕ್ಕೆ ಬೆಲೆ ತೆರುವುದೂ ಒಂದೇ ಸಲ. ನಿನ್ನ ಕರಡಿನಲ್ಲಿ ನಾಲ್ಕನೇ ಪುಟದಲ್ಲಿ ಒಂದು ಅಚ್ಚರಿ, ಏಳರಲ್ಲಿ ಇನ್ನೊಂದು, ಹನ್ನೊಂದರಲ್ಲಿ ಮತ್ತೊಂದು ಇವೆ. ಎಲ್ಲೂ ಕ್ರಮ ನೆಲೆಯಾಗದ ಕಾರಣ ಯಾವುದೂ ಅಚ್ಚರಿ ಅನ್ನಿಸುವುದಿಲ್ಲ. ಓದಿಸಿಕೊಳ್ಳುವ ಮಗುವಿಗೆ ಮುಂದಿನದನ್ನು ತಾನೇ ಊಹಿಸುವ ಸುಖ ಮೊದಲು ಬೇಕು.

ಮನೆಯಿಂದ ಶಾಲೆಗೆ ಕಾಲಿಡುವ ವಯಸ್ಸು ಮಗುವಿಗೆ ತುಂಬ ಕಷ್ಟದ್ದು, ಆ ದಾರಿಯನ್ನು ಹಗುರ ಮಾಡಲು ಪುಸ್ತಕ ಮಾಡುತ್ತೇನೆ ಎಂದು ಕಾರ್ಲ್ ಮತ್ತೆ ಮತ್ತೆ ಹೇಳುತ್ತಿದ್ದರು. ಅರ್ಧ ಆಟಿಕೆ, ಅರ್ಧ ಪುಸ್ತಕ ಎನ್ನುವಂಥ ವಸ್ತುಗಳನ್ನು ಅವರು ಮಾಡಿದ್ದು ಆ ಕಾರಣಕ್ಕೇ. 1977ರ 'ದಿ ಗ್ರೌಚಿ ಲೇಡಿಬಗ್'ನಲ್ಲಿ ಎದುರಾಗುವ ಪ್ರಾಣಿ ದೊಡ್ಡದಾದಂತೆ ಪುಟವೂ ದೊಡ್ಡದಾಗುತ್ತದೆ, ಪಕ್ಕದಲ್ಲಿ ಗಡಿಯಾರ ಓಡುತ್ತದೆ. 1984ರ 'ದಿ ವೆರಿ ಬ್ಯುಸಿ ಸ್ಪೈಡರ್'ನಲ್ಲಿ ಜೇಡರ ಬಲೆ ಉಬ್ಬಚ್ಚಿನಲ್ಲಿದೆ. ಪುಟ ಪುಟಕ್ಕೂ ಎಳೆ ಹೆಚ್ಚುತ್ತದೆ, ಕಣ್ಣು ಕಾಣದ ಮಗುವೂ ಬೆರಳಾಡಿಸಿ ಓದಬಹುದು. ಇವು ಯಾವುದರಲ್ಲೂ ಆಟಿಕೆಯ ಭಾಗವನ್ನು ಕಿತ್ತರೆ ಕಥೆ ಉಳಿಯುವುದಿಲ್ಲ. ನಿನ್ನ ಪುಸ್ತಕಕ್ಕೂ ಇದೇ ಅಳತೆಗೋಲು ಇಟ್ಟುಕೋ: ತೂತನ್ನು ತೆಗೆದುಹಾಕಿದರೂ ಕಥೆ ಹಾಗೆಯೇ ನಡೆಯುವುದಾದರೆ ತೂತು ಬೇಡ, ದುಡ್ಡು ದಂಡ.

ಇನ್ನು ನಿನ್ನ ಹುಳುವಿನ ವಿಷಯ. ನಿನ್ನ ರೇಷ್ಮೆಹುಳು ಸೋಮವಾರ ಮಾವು, ಮಂಗಳವಾರ ಬಾಳೆಹಣ್ಣು ತಿನ್ನುತ್ತದೆ. ಶಿಡ್ಲಘಟ್ಟದ ಮಕ್ಕಳು ಇದನ್ನು ಒಪ್ಪುವುದಿಲ್ಲ ಕಣೇ. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೇನೂ ಹಾಕುವುದಿಲ್ಲ ಎನ್ನುವುದನ್ನು ಅವರು ಮನೆಯಲ್ಲೇ ನೋಡಿದ್ದಾರೆ. ಕಾರ್ಲ್ ಅವರ ಕಂಬಳಿಹುಳು ಗೂಡಿನಿಂದ ಚಿಟ್ಟೆಯಾಗಿ ಬರುವುದಕ್ಕೂ ಆಕ್ಷೇಪ ಎದ್ದಿತ್ತು. ಗೂಡು ನೇಯುವುದು ಸಾಮಾನ್ಯವಾಗಿ ಪತಂಗದ ಹುಳು, ಚಿಟ್ಟೆಯ ಹುಳು ಬರಿಯ ಕೋಶವಾಗುತ್ತದೆ. ಅವರ ಕಥೆ ಅದನ್ನು ತಾಳಿಕೊಂಡಿತು, ಏಕೆಂದರೆ ಅದು ಐಸ್‌ಕ್ರೀಮ್ ತಿನ್ನುವ ಹುಳುವಿನ ಕಥೆ. ನಿನ್ನ ಹುಳು ಊರಿನ ಹುಳು, ಅದಕ್ಕೆ ಆ ಸಲಿಗೆ ಸಿಗದು.

ಸಿಗಬೇಕಾದ ಅಗತ್ಯವೂ ಇಲ್ಲ. ಮೊಟ್ಟೆ ಒಡೆದಾಗಿನಿಂದ ಗೂಡಿನವರೆಗೆ ಸುಮಾರು ನಾಲ್ಕು ವಾರ, ನಾಲ್ಕು ಜ್ವರ (ಪೊರೆ ಕಳಚುವ ಹೊತ್ತು), ಐದು ಹಂತ. ಇಷ್ಟು ಚೊಕ್ಕವಾದ ಲೆಕ್ಕ ಕೈಯಲ್ಲಿರುವಾಗ ವಾರದ ದಿನಗಳನ್ನು ಎರವಲು ತರುವುದೇಕೆ? ಮೊದಲ ಹಂತದಲ್ಲಿ ಇರುವೆಯಷ್ಟು ಕಪ್ಪು ಚಾಕಿ (ಎಳೆಯ) ಹುಳು, ಅದಕ್ಕೆ ಸಣ್ಣಗೆ ಹೆಚ್ಚಿದ ಎಳೆ ಸೊಪ್ಪು. ಆಮೇಲೆ ಹೋಳು ದೊಡ್ಡದಾಗುತ್ತದೆ, ಆಮೇಲೆ ಇಡೀ ಎಲೆ, ಕೊನೆಗೆ ಕಡ್ಡಿ ಸಮೇತ ಸೊಪ್ಪು. ಪ್ರತಿ ಜ್ವರದಲ್ಲೂ ಹುಳು ತಿನ್ನುವುದನ್ನು ಬಿಟ್ಟು ಹೆಚ್ಚುಕಡಿಮೆ ಒಂದು ದಿನ ತಲೆಯೆತ್ತಿ ಅಲುಗಾಡದೆ ಇರುತ್ತದೆ, ಪೊರೆ ಕಳಚಿ ಏಳುತ್ತದೆ. ನಿನ್ನ ಮರುಕಳಿಸುವ ಸಾಲು ಇಲ್ಲೇ ಇದೆ. 'ತಿಂದಿತು, ತಿಂದಿತು, ತಿಂದಿತು. ತಲೆ ಎತ್ತಿ ಸುಮ್ಮನಾಯಿತು.' ನಾಲ್ಕು ಸಲ ಇದು ಬರಲಿ. ಐದನೇ ಹಂತವೇ ನಿನ್ನ ಶನಿವಾರ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲನ್ನು ಹುಳು ಆ ಒಂದು ಹಂತದಲ್ಲೇ ಮುಗಿಸುತ್ತದೆ. ಹುಳುಮನೆಯಲ್ಲಿ ಮಳೆ ಬಿದ್ದಂತೆ ಸದ್ದು ಕೇಳುವ ಆ ದಿನಗಳನ್ನು ಎರಡು ಪುಟಕ್ಕೂ ಹರಡಿ ತೋರಿಸು, ಪದ ಹೆಚ್ಚು ಬೇಡ.

ಕೊನೆಯನ್ನು ನೀನು ಹಾರುವ ಚಿಟ್ಟೆಯಿಂದ ಮಾಡಿದ್ದೀಯ. ರೇಷ್ಮೆಯ ಪತಂಗ ಹಾರುವುದಿಲ್ಲ, ಏನೂ ತಿನ್ನುವುದೂ ಇಲ್ಲ. ಮಾರುಕಟ್ಟೆಗೆ ಹೋದ ಗೂಡು ಬಿಸಿನೀರಿಗೆ ಬೀಳುತ್ತದೆ ಎಂದೂ ನಿನ್ನ ಮಕ್ಕಳಿಗೆ ಗೊತ್ತು. ಅದನ್ನು ಮುಚ್ಚಿಟ್ಟು ಸುಳ್ಳು ಹೇಳಬೇಡ, ಹಾಗೆಂದು ನಾಲ್ಕು ವರ್ಷದ ಮಗುವಿನ ಪುಸ್ತಕವನ್ನು ಅಲ್ಲಿ ಮುಗಿಸಲೂ ಬೇಡ. ಮೊಟ್ಟೆಗಾಗಿಯೇ ಉಳಿಸಿಕೊಳ್ಳುವ ಬಿತ್ತನೆ ಗೂಡನ್ನು ಆರಿಸಿಕೋ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಗೂಡು ಒಡೆದು ಪತಂಗ ಹೊರಬರುತ್ತದೆ, ನಾನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮೊದಲ ಪುಟದಲ್ಲಿ ಒಂದು ಮೊಟ್ಟೆ, ಕೊನೆಯ ಪುಟದಲ್ಲಿ ಪುಟದ ತುಂಬ ಮೊಟ್ಟೆ. ಮಗು ಎಣಿಸಲು ಕೂರುತ್ತದೆ ನೋಡು. ಚಿಟ್ಟೆಯ ಎರಡು ಪುಟದ ರೆಕ್ಕೆ ಕಾರ್ಲ್ ಅವರ ಕೊನೆ, ಇದು ನಿನ್ನದಾಗುತ್ತದೆ.

ಅವರ ಬಣ್ಣಕ್ಕೂ ಅವರದೇ ಕಾರಣವಿತ್ತು. ಹುಟ್ಟಿದ್ದು 1929ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ. ಆರು ವರ್ಷವಾದಾಗ ಮನೆಯವರು ಜರ್ಮನಿಯ ಸ್ಟಟ್‌ಗಾರ್ಟಿಗೆ ಮರಳಿದರು. ಕಲ್ಲೆತ್ತಿ, ಮರದ ತೊಗಟೆ ಸರಿಸಿ ಹುಳುಹುಪ್ಪಟೆ ತೋರಿಸುತ್ತಿದ್ದ ತಂದೆ ಯುದ್ಧಕ್ಕೆ ಹೋದವರು ಸೋವಿಯತ್ ಸೆರೆಯಿಂದ ಬಿಡುಗಡೆಯಾಗಿ ಬಂದದ್ದು 1947ರಲ್ಲಿ. ವಿಮಾನದಾಳಿಗೆ ಹೆದರಿ ಕಟ್ಟಡಗಳಿಗೆಲ್ಲ ಮಂಕು ಬಣ್ಣ ಬಳಿದಿದ್ದ ಊರಿನಲ್ಲಿ ಬೆಳೆದ ಹುಡುಗನಿಗೆ ಕ್ರೌಸ್ ಎಂಬ ಚಿತ್ರಕಲಾ ಮೇಷ್ಟರು, ನಾಜಿ ಸರ್ಕಾರ ನಿಷೇಧಿಸಿದ್ದ ಆಧುನಿಕ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಫ್ರಾನ್ಸ್ ಮಾರ್ಕ್ ಬರೆದ ನೀಲಿ ಕುದುರೆ ಅವರ ಮನಸ್ಸಿನಲ್ಲಿ ಹಾಗೇ ಉಳಿಯಿತು. 1952ರಲ್ಲಿ ನ್ಯೂಯಾರ್ಕಿಗೆ ಮರಳಿ ಗ್ರಾಫಿಕ್ ಡಿಸೈನಿನಲ್ಲೂ ಜಾಹೀರಾತಿನಲ್ಲೂ ವರ್ಷಗಟ್ಟಲೆ ಪಳಗಿದರು. ಜಾಹೀರಾತೊಂದರಲ್ಲಿ ಅವರು ಮಾಡಿದ್ದ ಕೆಂಪು ಲಾಬ್‌ಸ್ಟರ್ ಚಿತ್ರವನ್ನು ನೋಡಿಯೇ ಬಿಲ್ ಮಾರ್ಟಿನ್ ಜೂನಿಯರ್ ತಮ್ಮ 'ಬ್ರೌನ್ ಬೇರ್' ಪದ್ಯಕ್ಕೆ ಚಿತ್ರ ಕೇಳಿದ್ದು. 1967ರ ಆ ಪುಸ್ತಕದಲ್ಲಿ ಕುದುರೆ ನೀಲಿ, ಬೆಕ್ಕು ನೇರಳೆ. ಬಿಳಿ ಪುಟದ ನಡುವೆ ಒಂದೇ ಆಕಾರ, ಕೋಣೆಯ ಆಚೆಯಿಂದಲೂ ಗುರುತು ಹತ್ತುವಂತೆ. ಇದು ಜಾಹೀರಾತಿನ ಕೈ. ನಿನ್ನ ಪುಟಗಳಲ್ಲಿ ಹಿನ್ನೆಲೆಯೂ ಬಣ್ಣದ ಕಾಗದ, ಹುಳುವೂ ಬಣ್ಣದ ಕಾಗದ. ತರಗತಿಯ ಕೊನೆಯ ಸಾಲಿನ ಮಗುವಿಗೆ ಹುಳು ಕಾಣುವುದೇ ಇಲ್ಲ. ಹಿನ್ನೆಲೆಯನ್ನು ಬಿಳಿಯಾಗಿ ಬಿಡು.

ಆದರೆ ಬಿಳಿ ಪುಟದ ಮೇಲೆ ಬಿಳಿ ರೇಷ್ಮೆಹುಳು ಮಾಯವಾಗುತ್ತದಲ್ಲ? ಹುಳುವನ್ನು ಎಂದೂ ಎಲೆಯ ಮೇಲೆಯೇ ಇಡು. ಎಲೆ ಗಾಢ ಹಸಿರು, ಹುಳು ತೆಳು ಬೂದು ಬೆರೆತ ಬಿಳಿ. ಮೊದಲ ಹಂತ ಕಪ್ಪು, ಮಧ್ಯದಲ್ಲಿ ಬೂದು, ಆಮೇಲೆ ಬಿಳಿ, ಹಣ್ಣಾದಾಗ, ಎಂದರೆ ಗೂಡು ಕಟ್ಟಲು ಸಿದ್ಧವಾದಾಗ, ಮೈ ಪಾರದರ್ಶಕವಾಗಿ ಹಳದಿ. ಈ ಕೊನೆಯದನ್ನು ತೋರಿಸಲು ಟಿಶ್ಯೂ ಕಾಗದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಗೂಡಿಗೆ ಬೈವೋಲ್ಟೀನ್ ತಳಿಯ ಬಿಳಿ ಬೇಡ. ಮೈಸೂರು ತಳಿಯ ಬಿತ್ತನೆ ಗೂಡು ಹಸಿರು ಛಾಯೆಯ ಹಳದಿ, ಬಿಳಿ ಪುಟದ ಮೇಲೆ ಎದ್ದು ಕಾಣುತ್ತದೆ.

ಈಗ ಕಾಗದದ ಕೆಲಸ. ಅಂಗಡಿಯಲ್ಲಿ ಸಿಗುವ ಬಣ್ಣದ ಟಿಶ್ಯೂ ಬೆಳಕಿಗೆ ಬೇಗ ಮಾಸುತ್ತದೆ. ಕಾರ್ಲ್ ಕೂಡ ಅದನ್ನು ಬಿಟ್ಟು ಬಿಳಿ ಟಿಶ್ಯೂಗೆ ತಾವೇ ಅಕ್ರಿಲಿಕ್ ಬಳಿಯತೊಡಗಿದರು. ಕುಂಚ, ಬೆರಳು, ಸ್ಪಂಜು, ಹಳೆಯ ಕಾರ್ಪೆಟ್ ತುಂಡು, ಯಾವುದರಿಂದಲಾದರೂ ಸರಿ. ನೀನು 17–20 ಜಿಎಸ್ಎಮ್ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಬಿಳಿ ಟಿಶ್ಯೂ ತೆಗೆದುಕೋ. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ನೀರು. ನೀರು ಹೆಚ್ಚಾದರೆ ಕುಂಚ ತಾಗಿದ ಕಡೆ ಹರಿಯುತ್ತದೆ. ಬಣ್ಣ ದಪ್ಪವಾದರೆ ಒಣಗಿದ ಮೇಲೆ ಕಾಗದ ಸೆಟೆದುಕೊಂಡು, ಅಂಟಿಸುವಾಗ ಅಂಚು ಮೇಲೇಳುತ್ತದೆ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸು. ಪೇಪರ್ ಹಾಸಿದರೆ ಅದಕ್ಕೇ ಅಂಟಿಕೊಂಡು, ಅಕ್ಷರದ ಮಸಿಯೂ ಹತ್ತುತ್ತದೆ. ಮೊದಲ ಕೋಟು ಪೂರ್ತಿ ಒಣಗಿದ ಮೇಲೆ ಎರಡನೆಯದನ್ನು ಅಡ್ಡಡ್ಡ ಬಳಿ, ಆ ಗೆರೆಗಳೇ ಆಮೇಲೆ ಎಲೆಯ ನರವಾಗುತ್ತವೆ. ಫ್ಯಾನು ಹಾಕಬೇಡ, ಒದ್ದೆ ಟಿಶ್ಯೂ ಎದ್ದು ಮಡಚಿಕೊಳ್ಳುತ್ತದೆ. ಒಣಗಿದ ಹಾಳೆಗಳನ್ನು ಒಂದರ ಮೇಲೊಂದು ಹಾಗೇ ಪೇರಿಸಿದರೆ ಮಳೆಗಾಲದಲ್ಲಿ ಕಚ್ಚಿಕೊಂಡುಬಿಡುತ್ತವೆ, ನಡುನಡುವೆ ಬಟರ್ ಪೇಪರ್ ಇಡು.

ಚಿತ್ರಕ್ಕೆಂದು ಹಾಳೆ ಬಳಿಯಬೇಡ. ಮೂವತ್ತು ನಲವತ್ತು ಹಾಳೆ ಸುಮ್ಮನೆ ಬಳಿದು, ಬಣ್ಣವಾರು ವಿಂಗಡಿಸಿ ಇಟ್ಟುಕೋ. ಆಮೇಲೆ ಈ ಎಲೆಗೆ ಯಾವ ಹಾಳೆಯ ಯಾವ ಮೂಲೆ ಎಂದು ಹುಡುಕು. ಕಾರ್ಲ್ ಅವರ ಚಿತ್ರಗಳಲ್ಲಿ ಜೀವವಿರುವುದು ಈ ಹುಡುಕಾಟದಿಂದ. ಹುಳುವಿನ ಬಣ್ಣದ ಹಾಳೆಗಳನ್ನು ಮಾತ್ರ ಒಂದೇ ದಿನ, ಒಂದೇ ಬಟ್ಟಲಿನಿಂದ ಬಳಿ. ಮಾರನೆಯ ದಿನ ಕಲಸಿದ ಬಣ್ಣ ಹೊಂದುವುದಿಲ್ಲ, ಹತ್ತನೇ ಪುಟದ ಹುಳು ಬೇರೆ ಹುಳುವಾಗಿ ಕಾಣುತ್ತದೆ.

ಕತ್ತರಿಸಲು ಟ್ರೇಸಿಂಗ್ ಪೇಪರಿನಲ್ಲಿ ಗೆರೆ ತೆಗೆದು, ಟಿಶ್ಯೂ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಹೊಸ ಬ್ಲೇಡಿನಿಂದ ಕೊಯ್ಯಿ. ಹಳೆಯ ಬ್ಲೇಡು ಎಳೆಯುತ್ತದೆ, ಅಂಚು ನಾರಾಗುತ್ತದೆ. ಅಂಟಿಗೆ ಫೆವಿಕಾಲ್ ನೇರವಾಗಿ ಬಳಿದರೆ ಜರುಗಿಸಲು ಸಮಯವೇ ಸಿಗದು. ಮೈದಾ ಅಂಟಿಗೆ ಬೂಷ್ಟು ಬರುತ್ತದೆ, ಹುಳ ಹತ್ತುತ್ತದೆ. ಬೈಂಡಿಂಗ್‌ನವರು ಅದಕ್ಕೆ ಮೈಲುತುತ್ತ ಹಾಕುತ್ತಾರೆ, ಆದರೆ ಅದು ವಿಷ, ಮಕ್ಕಳು ಕೈಯಾಡಿಸುವ ಜಾಗದಲ್ಲಿ ಬೇಡವೇ ಬೇಡ. ಕಾರ್ಲ್ ಬಳಸಿದ್ದು ವಾಲ್‌ಪೇಪರ್ ಅಂಟು. ಅದೇ ಜಾತಿಯ ಮಿಥೈಲ್ ಸೆಲ್ಯುಲೋಸ್ ಪುಡಿ ತರಿಸಿಕೋ. 100 ಮಿ.ಲೀ.ಗೆ 3–4 ಗ್ರಾಂ ಸಾಕು. ಮೂರನೇ ಒಂದು ಭಾಗ ನೀರನ್ನು ಚೆನ್ನಾಗಿ ಬಿಸಿಮಾಡಿ, ಪುಡಿ ಉದುರಿಸಿ ಕಲಕಿ, ಉಳಿದ ತಣ್ಣೀರು ಸೇರಿಸಿ ಕೆಲವು ಗಂಟೆ ಬಿಡು. ಈ ಪುಡಿ ಬಿಸಿನೀರಿನಲ್ಲಿ ಹರಡಿ, ತಣಿಯುವಾಗ ಕರಗುತ್ತದೆ. ತಣ್ಣೀರಿಗೇ ಸುರಿದರೆ ಮೇಲೆ ಲೋಳೆ ಕಟ್ಟಿ ಒಳಗೆ ಗಂಟು ಉಳಿಯುತ್ತದೆ. ತುಂಡಿನ ಹಿಂಬದಿಗೆ ತೆಳ್ಳಗೆ ಬಳಿದು, ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗು. ಬೋರ್ಡಿನ ಹಿಂದೆಯೂ ಒಂದು ಕಾಗದ ಅಂಟಿಸದಿದ್ದರೆ ಮುಂಬದಿ ಒಣಗುತ್ತ ಬೋರ್ಡು ಬಾಗುತ್ತದೆ, ಸ್ಕ್ಯಾನರ್ ಗಾಜಿಗೆ ಸಮವಾಗಿ ಕೂರುವುದಿಲ್ಲ. ಟಿಶ್ಯೂ ಪಾರದರ್ಶಕ ಎಂಬುದನ್ನೂ ಮರೆಯಬೇಡ. ನಿನ್ನ ಆರನೇ ಪುಟದ ಹಣ್ಣಾದ ಹುಳು ಕೊಳಕಾಗಿ ಕಾಣುವುದು ಅದರ ಹಳದಿಯ ಕೆಳಗೆ ಎಲೆಯ ಹಸಿರು ಹಾಯ್ದಿರುವುದರಿಂದ. ಹುಳುವಿನ ಆಕಾರದಷ್ಟು ಎಲೆಯನ್ನು ಕೊರೆದು ತೆಗೆದು, ಬಿಳಿ ಬೋರ್ಡಿನ ಮೇಲೆ ಹಳದಿಯನ್ನು ಕೂರಿಸು.

ಮೆಟ್ಟಿಲು ಪುಟ ಮಾಡುವುದಾದರೆ 24 ಪುಟ, 28 ಸೆಂ.ಮೀ. ಅಗಲ ಇಟ್ಟುಕೋ. ಮೊದಲ ನಾಲ್ಕು ಹಂತಕ್ಕೆ 7, 11, 15, 20 ಸೆಂ.ಮೀ., ಐದನೆಯದು ಪೂರ್ತಿ. ಏಳಕ್ಕಿಂತ ಕಿರಿದಾದರೆ ಚಿಕ್ಕ ಕೈಗೆ ಪುಟ ಹಿಡಿಯಲು ಸಿಗುವುದಿಲ್ಲ. ಈ ಹಾಳೆಗಳನ್ನು ಜೋಡಿಸುವ ಮೊದಲೇ ಅಗಲಕ್ಕೆ ಕತ್ತರಿಸಿಕೊಳ್ಳಬೇಕು, ಹೊಲಿದ ಮೇಲಿನ ಕಟಿಂಗ್‌ನಲ್ಲಿ ಅವು ಸಿಗವು ಎಂದು ಪ್ರೆಸ್ಸಿನವರಿಗೆ ಬರೆದೇ ಕೊಡು. ನಡುವೆ ದುಂಡು ತೂತಿನ ಬದಲು ಪುಟದ ಹೊರ ಅಂಚನ್ನೇ ಹುಳು ಕಡಿದ ಎಲೆಯ ಅಂಚಾಗಿ ಡೈ (ಕಾಗದ ಕತ್ತರಿಸುವ ಅಚ್ಚು) ಹೊಡೆಸಬಹುದು. ರೇಷ್ಮೆಹುಳು ಎಲೆಯನ್ನು ಅಂಚಿನಿಂದಲೇ ತಿನ್ನುತ್ತಾ ಬರುತ್ತದೆ, ನಿಜಕ್ಕೂ ಹತ್ತಿರ. ಚೂಪು ಮೂಲೆ ಬಿಡಬೇಡ, ಮೂರು ದಿನದಲ್ಲಿ ಮಡಚಿ ಹರಿಯುತ್ತದೆ. ಎಲ್ಲ ತಿರುವೂ 5 ಮಿ.ಮೀ. ತ್ರಿಜ್ಯಕ್ಕಿಂತ ದುಂಡಗಿರಲಿ. ಕಾಗದ 170 ಜಿಎಸ್ಎಮ್ ಮ್ಯಾಟ್‌ಗಿಂತ ಕಡಿಮೆ ಬೇಡ. ಕತ್ತರಿಸಿದ ಅಂಚು ಎರಡು ಬದಿಗೂ ಒಂದೇ. ಮುಂಬದಿಯ ಚಿತ್ರಕ್ಕೆ ಹೊಂದಿದ ಕಡಿತ ಹಿಂಬದಿಯಲ್ಲಿ ಹುಳುವಿನ ತಲೆಯನ್ನೇ ಕತ್ತರಿಸುವ ತಪ್ಪು ಎಲ್ಲರಿಗೂ ಆಗುತ್ತದೆ. ಡೈ ಒಂದೆರಡು ಮಿ.ಮೀ. ಸರಿಯುವುದೂ ಉಂಟು, ಅಷ್ಟು ಜಾಗ ಬಿಟ್ಟೇ ಚಿತ್ರ ಕೂರಿಸು. ಹೊಲಿಗೆಯ ಹತ್ತಿರ ಎರಡು ಬದಿಗೂ ಒಂದೊಂದು ಸೆಂ.ಮೀ. ಒಳಗೆ ಹುಳುವಿನ ಮುಖ ಬರಕೂಡದು.

ಸ್ಕ್ಯಾನ್ ಅಚ್ಚಿನ ಅಳತೆಯಲ್ಲೇ 300 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕೆ) ಇರಲಿ, ಸುತ್ತ 3 ಮಿ.ಮೀ. ಬ್ಲೀಡ್, ಎಂದರೆ ಕತ್ತರಿಸಿಹೋಗಲೆಂದು ಬಿಡುವ ಹೆಚ್ಚುವರಿ ಚಿತ್ರ. ಕಂಪ್ಯೂಟರ್ ಪರದೆಯ ಎಳೆ ಹಸಿರು ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತದೆ. ಎಲೆಯ ಪುಟ ಒಂದಕ್ಕಾದರೂ ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡು. ಅಕ್ಷರವನ್ನು ಬಣ್ಣದ ಕಾಗದದ ಮೇಲೆ ಹಾಕಬೇಡ, ಬಿಳಿಯ ಮೇಲೆ ಕಪ್ಪು ಸಾಕು. ಗಾತ್ರ 22–24 ಪಾಯಿಂಟ್ ಇರಲಿ. ಇಂಗ್ಲಿಷ್ ಪುಸ್ತಕದ ಸಾಲಿನ ಅಂತರವನ್ನೇ ನಕಲು ಮಾಡಿದ್ದರಿಂದ ನಿನ್ನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿವೆ. ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ಮಾಡು.

ಇದೆಲ್ಲಕ್ಕೂ ಮೊದಲು ಡಮ್ಮಿ. ಬಣ್ಣದ ಬಾಟಲಿ ಮುಚ್ಚಿಟ್ಟು, ಬಿಳಿ ಹಾಳೆ ಮಡಿಸಿ, ಪೆನ್ಸಿಲಿನಲ್ಲಿ ಗೀಚಿ, ಅಂಚು ಕತ್ತರಿಸಿ, ಪಿನ್ ಹೊಡೆದು 24 ಪುಟದ ಕರಡು ಮಾಡು. ಅದನ್ನು ತರಗತಿಯಲ್ಲಿ ಓದಿ ಹೇಳು. ಮಕ್ಕಳು ಯಾವ ಪುಟದಲ್ಲಿ ನಿನಗಿಂತ ಮೊದಲೇ ಸಾಲು ಹೇಳುತ್ತಾರೆ, ಯಾವ ಪುಟದಲ್ಲಿ ಕಿಟಕಿಯ ಕಡೆ ನೋಡುತ್ತಾರೆ ಎಂದು ಮಾತ್ರ ಗುರುತು ಹಾಕಿಕೋ. ಚೆನ್ನಾಗಿದೆಯಾ ಎಂದು ಕೇಳಬೇಡ, ಮೇಡಮ್ಮಿಗೆ ಎಲ್ಲರೂ ಹೂಂ ಎನ್ನುತ್ತಾರೆ. ಮೂರನೇ ಜ್ವರದ ಹೊತ್ತಿಗೂ ಅವರ ಬಾಯಲ್ಲಿ ಸಾಲು ಬಾರದಿದ್ದರೆ ಸಾಲು ಉದ್ದವಾಯಿತು ಎಂದರ್ಥ, ಪದ ಕಡಿಮೆ ಮಾಡಿ ಇನ್ನೊಂದು ಡಮ್ಮಿ ಮಾಡು.

ಡಮ್ಮಿಯನ್ನು ಅಂಚೆಯಲ್ಲೇ ಕಳಿಸು, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಬೇಡ. ಪುಟ ತಿರುಗಿಸದೆ ಏನೂ ಹೇಳಲಾರೆ. ಅಮ್ಮ ಅಪ್ಪನಿಗೆ ಕೇಳಿದೆನೆಂದು ಹೇಳು.

ಇಂತಿ ನಿನ್ನ
ದೊಡ್ಡಮ್ಮ